ಬೆಂಜಿನ ಪಂಪು ಬಿಚ್ಚಿದ್ದು

ಅಣ್ಣಿಗೇರಿಯಲ್ಲಿ ಗಾಡಿಗಳ ಎಂಜಿನ್ನಿಗೆ ಡೀಸೆಲ್ ಕಳಿಸುವ ಪಂಪು ರಿಪೇರಿ ಮಾಡುವ ಮಾಬುಸಾಬನದೊಂದು ಹಟವಿದೆ. ಜಾಮಾದ ಪಂಪನ್ನು ಅವನು ಒಬ್ಬನೇ ಕೂತು ಬಿಚ್ಚುವುದಿಲ್ಲ. ಆ ಗಾಡಿಯನ್ನು ಕಡೆಯ ಸಲ ಓಡಿಸಿದ ಡ್ರೈವರು ಎದುರಿಗೆ ಬಂದು ಕೂರಬೇಕು. ಗಾಡಿ ಹೇಗೆ ನಿಂತಿತು, ನಿಲ್ಲುವ ಮುಂಚೆ ಏನು ಸದ್ದು ಮಾಡಿತು, ಹೊಗೆ ಕರಿಯದೋ ಬಿಳಿಯದೋ, ಇಷ್ಟನ್ನು ಅವನ ಬಾಯಿಂದಲೇ ಕೇಳಬೇಕು. ಮಾಲೀಕರ ಮಾತು ಅವನಿಗೆ ಬೇಡ. "ಮಾಲಕ್ರು ಹಿಂದಿನ ಸೀಟಿನ್ಯಾಗ ಕುಂತಿರ್ತಾರ. ಅವರಿಗೇನು ಕೇಳಿಸಿರತೈತಿ, ಮಣ್ಣು?" ಎನ್ನುತ್ತಾನೆ. ಈ ಹಟದಿಂದ ಗಿರಾಕಿಗಳು ಮುನಿಸಿಕೊಂಡು ಗದಗಕ್ಕೆ ಹೋದದ್ದೂ ಉಂಟು. ಹೋಗಲಿ ಎಂದು ಇವನು ಚಹಾ ಕುಡಿಯುತ್ತ ಕೂತದ್ದೂ ಉಂಟು.

ಹೀಗಾಗಿ ತಿರ್ಲಾಪುರದ ಮಡಿವಾಳೆಪ್ಪ ಸಾವ್ಕಾರರ ಬೆಂಜ್ ಕಾರಿನ ಪಂಪು ಗೋಣಿಚೀಲದಲ್ಲಿ ಸುತ್ತಿಕೊಂಡು ಬೆಂಚಿನ ಮೇಲೆ ಬಂದಾಗ ಅವನು ಮೊದಲು ಕೇಳಿದ್ದು, "ಕಡೀಕ ಹೊಡದಾಂವ ಯಾರು?" ಎಂದೇ. ಪಂಪು ತಂದ ಆಳು ತನ್ನ ಚಪ್ಪಲಿ ನೋಡಿಕೊಂಡ. ಆಮೇಲೆ, "ಚಿಮಣಿ ಮಾಳ್ಯಾರಿ," ಎಂದ.

ಮಾಳಪ್ಪನಿಗೆ ಈ ಹೆಸರು ಅಂಟಿದ ಕಥೆ ತಿರ್ಲಾಪುರಕ್ಕೆಲ್ಲ ಗೊತ್ತು. ಗೊತ್ತಿಲ್ಲದವರಿಗಾಗಿ ಹೇಳಬೇಕು.

ಆ ಕಾರನ್ನು ಸಾವ್ಕಾರರು ಹತ್ತಿ ವ್ಯಾಪಾರದಲ್ಲಿ ಮೀಸೆ ತಿರುವುತ್ತಿದ್ದ ಕಾಲಕ್ಕೆ ಮುಂಬಯಿಯಿಂದ ತರಿಸಿದ್ದರು. ಆಗಲೇ ಅದು ಹಳೆಯದು. ಬೂದು ಮೈ, ದುಂಡು ದೀಪ, ಮೂಗಿನ ತುದಿಯಲ್ಲಿ ಬಳೆಯೊಳಗೊಂದು ಮೂರು ಮೊನೆಯ ನಕ್ಷತ್ರ. ಸುತ್ತಲಿನ ಹತ್ತೂರಲ್ಲಿ ಅಂಥ ಇನ್ನೊಂದು ಗಾಡಿ ಇರಲಿಲ್ಲ. ಮಾಳಪ್ಪನ ಮನೆತನದ್ದು ಕುರಿ ಕಸುಬು. ಅಣ್ಣತಮ್ಮಂದಿರೆಲ್ಲ ಕುರಿಯ ಹಿಂದೆ ಹೋದರೆ ಇವನು ಬೆಂಜಿನ ಹಿಂದೆ ಬಿದ್ದ. ಅದರ ಸ್ಟಿಯರಿಂಗ್ ಹಿಡಿದ ದಿನದಿಂದ ಬೇರೆ ಗಾಡಿಯನ್ನು ಕಣ್ಣೆತ್ತಿ ನೋಡಲಿಲ್ಲ. ಮಡಿಚಿದ ಧೋತರದ ಅರಿವೆಯಲ್ಲಿ ಸೋಸದೆ ಒಂದು ಹನಿ ಡೀಸೆಲ್ಲನ್ನೂ ಟಾಕಿಗೆ ಹಾಕುತ್ತಿರಲಿಲ್ಲ. "ನನಗ ಒಂದಿನಾರ ಚಾ ಸೋಸಿ ಕೊಟ್ಟಾನೇನು ಕೇಳ್ರಿ ಇವಗ," ಎಂದು ಹೆಂಡತಿ ಮೈಲಾರವ್ವ ಕಂಡಕಂಡವರ ಮುಂದೆ ಹಂಗಿಸುತ್ತಿದ್ದಳು.

ಒಂದು ಚಳಿಗಾಲದ ಸಂಜೆ ತಿರ್ಲಾಪುರದ ಬಸ್‌ಸ್ಟ್ಯಾಂಡಿನ ಹತ್ತಿರ ಆ ಕಾರಿಗೆ ಹುಚ್ಚು ಹಿಡಿಯಿತು. ಮಾಳಪ್ಪ ಪೆಡಲಿನಿಂದ ಕಾಲು ತೆಗೆದರೂ ಎಂಜಿನ್ನು ಏರುತ್ತಲೇ ಹೋಯಿತು. ಬಂದ್ ಮಾಡುವ ಗುಂಡಿ ಎಳೆದ. ಅದೂ ಮಾತು ಕೇಳಲಿಲ್ಲ. ಕರೀ ಹೊಗೆ ಹೋಟೆಲಿನೊಳಗೆಲ್ಲ ತುಂಬಿ, ಮಂದಿ ಚಹಾದ ಕಪ್ಪು ಬಿಟ್ಟು ಓಡಿದರು. ಕಡೆಗೆ ಇವನು ಬ್ರೇಕನ್ನು ಒತ್ತಿ ಹಿಡಿದು, ಟಾಪ್ ಗೇರಿಗೆ ಹಾಕಿ, ಕ್ಲಚ್ ಬಿಟ್ಟ. ಗಾಡಿ ಒಮ್ಮೆ ಮೈ ಝಾಡಿಸಿ ನಿಂತಿತು. ಇಂಥ ಹೊತ್ತಿನಲ್ಲಿ ಇಷ್ಟು ಬುದ್ಧಿ ಓಡಿಸಿದವನ ಬೆನ್ನು ಚಪ್ಪರಿಸಬೇಕು. ಸಾವ್ಕಾರರು ಹಿಂದಿನ ಸೀಟಿನಿಂದ ಇಳಿದರು, ಧೋತರ ಕೊಡವಿಕೊಂಡರು, ಹೋಟೆಲ್ ಮುಂದಿನ ಮಂದಿಗೆಲ್ಲ ಕೇಳುವ ಹಾಗೆ ಒದರಿದರು: "ಚಿಮಣಿ ಎಣ್ಣಿ ಕಲಸ್ಯಾನ! ನನ್ನ ಡೀಸೆಲ್ ಮಾರ್ಕೊಂಡು ಟಾಕಿಗೆ ಚಿಮಣಿ ಎಣ್ಣಿ ತುಂಬ್ಯಾನ, ಕಳ್ಳ ಭಾಡ್ಯಾ!"

ಚಿಮಣಿ ಎಣ್ಣಿ ಅಂದರೆ ರೇಷನ್ ಅಂಗಡಿಯ ಸೀಮೆಎಣ್ಣೆ. ಅದನ್ನು ಡೀಸೆಲ್ಲಿಗೆ ಬೆರೆಸುವ ಡ್ರೈವರುಗಳು ಆಗ ಇದ್ದರು, ಇಲ್ಲವೆನ್ನುವಂತಿಲ್ಲ. ಮಾಳಪ್ಪ ಬಾಯಿ ಬಿಡಲಿಲ್ಲ. ಕೀಲಿಯನ್ನು ಬಾನೆಟ್ಟಿನ ಮೇಲಿಟ್ಟು ಮನೆಗೆ ನಡೆದುಬಿಟ್ಟ. ಆ ಹೊತ್ತಿನಲ್ಲಿ ಅವನಿಗೆ ಅದೇ ಮರ್ಯಾದೆ ಅನಿಸಿತ್ತು. ಕಳ್ಳನಾದದ್ದಕ್ಕೇ ಸುಮ್ಮನೆ ಹೋದ ಎಂದು ಊರು ತಿಳಿದುಕೊಂಡಿತು. ಸಾವ್ಕಾರರಂತೂ ಕಾರನ್ನು ಹತ್ತಿ ಗೋದಾಮಿಗೆ ನೂಕಿಸಿ ಬೀಗ ಹಾಕಿದರು. ಮೆಕ್ಯಾನಿಕ್ಕಿಗೆ ತೋರಿಸಿರಿ ಎಂದವರಿಗೆ, "ತೋರಸೂದೇನೈತಿ? ರೋಗ ಗೊತ್ತೇ ಐತಲ್ಲ," ಎಂದರು.

ಆಮೇಲೆ ಮಾಳಪ್ಪನಿಗೆ ಕೆಲಸ ಸಿಕ್ಕಿತು. ಟ್ರ್ಯಾಕ್ಟರ್ ಮಾಲಕರು ಕರೆದು ಕೀಲಿ ಕೊಟ್ಟರು. ಕೊಡುವ ಮುಂಚೆ ಟಾಕಿಯಲ್ಲಿ ಒಂದು ಕಡ್ಡಿ ಅದ್ದಿ ನೋಡುತ್ತಿದ್ದರು. ಸಂಜೆ ಕೀಲಿ ಇಸಿದುಕೊಳ್ಳುವಾಗ ಮತ್ತೊಮ್ಮೆ ಅದ್ದುತ್ತಿದ್ದರು. ಅವನ ಎದುರಿಗೇ. ಕೆಲವರಂತೂ ಕಡ್ಡಿಯನ್ನು ಮೂಗಿಗೆ ಹಿಡಿದು ಮೂಸುತ್ತಿದ್ದರು. ಮಾಳಪ್ಪ ಅತ್ತ ಮುಖ ಮಾಡಿ ನಿಲ್ಲುತ್ತಿದ್ದ. ಒಂದು ಸುಗ್ಗಿ ಅದನ್ನು ತಡೆದುಕೊಂಡ, ಆಮೇಲೆ ತಮ್ಮನ ಕುರಿ ಹಿಂಡು ಹೊಡೆದುಕೊಂಡು ಹೊರಟುಹೋದ. ಸ್ಟಿಯರಿಂಗ್ ಮುಟ್ಟಿ ಈಗ ಹತ್ತು ವರ್ಷದ ಮೇಲಾಯಿತು. ಆದರೂ ಸಂತೆಯಲ್ಲಿ ಕುರಿ ವ್ಯಾಪಾರ ಮಾತಾಡುವಾಗಲೂ ಜನ, "ಯಾರು, ಚಿಮಣಿ ಮಾಳ್ಯಾನ ಕುರಿ ಏನು?" ಎಂದೇ ಕೇಳುವುದು.

ಈಗ ಇದ್ದಕ್ಕಿದ್ದಂತೆ ಪಂಪಿನ ನೆನಪು ಯಾಕೆ ಬಂತೆಂದರೆ, ಹುಬ್ಬಳ್ಳಿಯಲ್ಲಿ ಹಳೇ ಕಾರುಗಳ ಮೆರವಣಿಗೆ ನಿಗದಿಯಾಗಿತ್ತು. ಸಾವ್ಕಾರರಿಗೂ ಕರೆ ಬಂದಿತ್ತು. ಒಂದೇ ಷರತ್ತು: ಗಾಡಿ ತನ್ನ ಎಂಜಿನ್ನಿನ ಮೇಲೇ ಬರಬೇಕು, ಎಳೆದುಕೊಂಡು ಬರುವಂತಿಲ್ಲ. ಎಪ್ಪತ್ತು ದಾಟಿದ ಸಾವ್ಕಾರರಿಗೆ ಹೊಸ ಹುರುಪು ಬಂದು, ಗೋದಾಮಿನ ಬೀಗ ಒಡೆಸಿದರು. ಎಂಜಿನ್ನು ತಿರುಗಿತು. ಪಂಪು ಕಲ್ಲಾಗಿತ್ತು.

ಮಾಬುಸಾಬನ ಫೋನು ಬಂದಾಗ ಮಾಳಪ್ಪ ಹಟ್ಟಿಯ ಮುಂದೆ ಕುರಿಯ ಗೊರಸಿಗೆ ಔಷಧ ಹಚ್ಚುತ್ತಿದ್ದ.

"ಸಾವ್ಕಾರನ ಸಲುವಾಗಿ ಬಾ ಅನ್ನಾಕತ್ತಿಲ್ಲ," ಎಂದ ಮಾಬುಸಾಬ. "ಪಂಪ್ ಬಿಚ್ಚತೀನಿ. ಹೊಡದಾಂವ ನೀನು. ನೀ ಬರಲಿಲ್ಲಂದ್ರ ಹಂಗ ಚೀಲದಾಗ ಕಟ್ಟಿ ವಾಪಸ್ ಕಳಸ್ತೀನಿ."

ಮಾಳಪ್ಪ ಫೋನಿಟ್ಟು ಮತ್ತೆ ಗೊರಸು ಹಿಡಿದ. ಮೈಲಾರವ್ವ ವಿಷಯ ಕೇಳಿ ಉರಿದುಬಿದ್ದಳು.

"ಆ ಮನಿ ಗಾಡಿ ಇನ್ನಾ ಸುಡಲಿಲ್ಲೇನು? ಹೋಗಿ ಏನ್ ಮಾಡಾಂವ? ಪಂಪಿನ್ಯಾಗ ನಿನ್ನ ಮಾನ ಕಟ್ಟಿಟ್ಟಾರೇನು?"

"ಹೂಂ," ಎಂದ ಮಾಳಪ್ಪ. "ಅಲ್ಲೇ ಐತಿ."

ಅವಳು ಒಳಗೆ ಹೋದಳು. ಒಗೆದ ಅಂಗಿ ತೆಗೆದು ಹಾಸಿಗೆಯ ಮೇಲಿಟ್ಟಳು.

ಅಣ್ಣಿಗೇರಿಯ ಬಸ್ಸಿನಲ್ಲಿ ಕೂತಾಗ ಅವನಿಗೆ ಹೆದರಿಕೆ ಶುರುವಾಯಿತು. ತಾನು ಸೀಮೆಎಣ್ಣೆ ಬೆರೆಸಿಲ್ಲ, ಅದು ಸರಿ. ಆದರೆ ಬಂಕಿನವನೇ ಬೆರೆಸಿದ್ದರೆ? ಪಂಪು ಬಿಚ್ಚಿದಾಗ ಒಳಗೆ ಸೀಮೆಎಣ್ಣೆ ಓಡಿದ ಗುರುತು ಕಂಡರೆ, ಅದನ್ನು ಯಾರು ಬೆರೆಸಿದರೆಂದು ಪಂಪು ಹೇಳುವುದಿಲ್ಲ. ಇಲ್ಲಿಯವರೆಗೆ ಬಾಯಿಮಾತಿನ ಕಳ್ಳನಾಗಿದ್ದವನು ಸಾಕ್ಷಿ ಸಮೇತ ಕಳ್ಳನಾಗಬೇಕು. ಭದ್ರಾಪುರದ ಹತ್ತಿರ ಒಮ್ಮೆ ಇಳಿದುಬಿಡಲೆ ಅನಿಸಿತು. ಕಂಡಕ್ಟರು ಬಾಗಿಲು ಹಾಕಿದ.

ಮಾಬುಸಾಬ ಅವನನ್ನು ಸ್ಟೂಲಿನ ಮೇಲೆ ಕೂರಿಸಿ ಎಲ್ಲವನ್ನೂ ಕೇಳಿದ. ಕೇಳುತ್ತಲೇ ಪಂಪಿನ ಮೈ ಒರೆಸಿದ. ಪಂಪು ಅಂದರೆ ಇಟ್ಟಿಗೆಗಿಂತ ತುಸು ಉದ್ದನೆಯ ಅಲ್ಯೂಮಿನಿಯಂ ಪೆಟ್ಟಿಗೆ. ಒಳಗೆ ನಾಲ್ಕು ಉಕ್ಕಿನ ಕಡ್ಡಿಗಳು, ಒಂದೊಂದಕ್ಕೂ ಅದರದೇ ಅಳತೆಯ ಉಕ್ಕಿನ ಗೂಡು. ನಡುವೆ ಕೂದಲು ಕೂಡ ಹೋಗುವುದಿಲ್ಲ. ಕಡ್ಡಿ ಮೇಲೆ ಕೆಳಗೆ ಆಡಿದಂತೆ ಡೀಸೆಲ್ ಎಂಜಿನ್ನಿಗೆ ಹೋಗುತ್ತದೆ. ಎಷ್ಟು ಹೋಗಬೇಕೆಂದು ಆ ನಾಲ್ಕನ್ನೂ ಒಟ್ಟಿಗೆ ತಿರುಗಿಸಿ ಹೇಳುವುದು ಒಂದು ಉದ್ದನೆಯ ಪಟ್ಟಿ, ಅದಕ್ಕೆ ರ್‍ಯಾಕ್ ಎನ್ನುತ್ತಾರೆ. ಈ ಪಂಪಿನ ರ್‍ಯಾಕು ಪೂರ್ತಿ ಡೀಸೆಲ್ ಬಿಡುವ ಕಡೆಗೆ ಹೋಗಿ ಕಚ್ಚಿಕೊಂಡಿತ್ತು.

"ಅದಕ್ಕ ಗಾಡಿ ಹಂಗ ಒದರೈತಿ," ಎಂದ ಮಾಬುಸಾಬ. "ನೀ ಕಾಲು ತಗದ್ರೂ ಇದು ಹಿಂದಕ್ಕ ಬಂದಿಲ್ಲ. ಗುಂಡಿ ಎಳದ್ರೂ ಬಂದಿಲ್ಲ."

"ಚಿಮಣಿ ಎಣ್ಣಿಗೆ ಹಿಂಗ ಕಚ್ಚತೈತೇನ್ರಿ?"

"ಚಿಮಣಿ ಎಣ್ಣಿ ಸವಸತೈತಿ, ಅಂಟಸೂದಿಲ್ಲ. ಅದು ಓಡಿತ್ತಂದ್ರ ಕಡ್ಡಿ ಮೈಮ್ಯಾಗ ಗೀರು ಬಿದ್ದಿರತಾವ. ಕಡ್ಡಿ ಹೊರಗ ಬರೂತನಕ ನನ್ನ ಬಾಯಿಲೆ ಏನೂ ಹೇಳಸಬ್ಯಾಡ."

ಅವನು ಬಾಜೂಕಿನ ಮುಚ್ಚಳ ತೆಗೆದ. ಇಬ್ಬರೂ ಬಗ್ಗಿ ನೋಡಿದರು. ಕರೀ ಎಂಜಿನ್ ಎಣ್ಣೆ ಇರಬೇಕಾದ ಕಡೆ, ಕಾಯಿಸಿಟ್ಟ ಹಾಲಿನ ಕೆನೆಯ ಹಾಗೆ ಸುಕ್ಕುಗಟ್ಟಿದ ಪೊರೆಯೊಂದು ಎಲ್ಲದರ ಮೇಲೂ ಕೂತಿತ್ತು. ಬಣ್ಣ ಮಾತ್ರ ಹಳೇ ಬೆಲ್ಲದ್ದು. ಉಗುರಿನಿಂದ ಕೆದರಿದರೆ ರಬ್ಬರಿನಂತೆ ಎಳೆ ಎಳೆಯಾಗಿ ಬಂತು. ಮಾಬುಸಾಬ ಸೀಮೆಎಣ್ಣೆಯ ಬ್ರಶ್ಶಿನಿಂದ ತಿಕ್ಕಿದ, ಹೋಗಲಿಲ್ಲ. ಪೆಟ್ರೋಲಿನಿಂದ ತಿಕ್ಕಿದ, ಅದಕ್ಕೂ ಬಗ್ಗಲಿಲ್ಲ. "ಯಾ ಅಲ್ಲಾ, ಇದೇನು ಇದು! ಮೂವತ್ತು ವರ್ಷ ಪಂಪ್ ಬಿಚ್ಚೇನಿ, ಇಂಥಾ ಹೊಲಸು ನೋಡಿಲ್ಲ," ಎಂದು ಒಂದು ಚೂರನ್ನು ಸ್ಕ್ರೂಡ್ರೈವರಿನ ತುದಿಗಿಟ್ಟು ಬೆಂಕಿಗೆ ಹಿಡಿದ. ಅದು ಚಟಪಟ ಅಂದು ಹೊಗೆಯಾಡಿತು.

ಆ ವಾಸನೆ ಮೂಗಿಗೆ ಬಿದ್ದದ್ದೇ ಮಾಳಪ್ಪ ಸ್ಟೂಲಿನಿಂದ ಎದ್ದ.

"ಕುಸುಬಿ ಎಣ್ಣಿರಿ ಇದು!"

"ಕುಸುಬಿ ಎಣ್ಣಿ? ಪಂಪಿನ್ಯಾಗ?"

"ನಮ್ಮನಿ ಎಣ್ಣಿ ಗಡಗಿ ಮೈಮ್ಯಾಗ ಹಿಂಗ ಕಟ್ಟಿರತೈತ್ರಿ. ಇದ ಬಣ್ಣ. ಇದ ವಾಸನಿ. ಮೈಲಾರವ್ವ ಬಿಸಿನೀರಿಗೆ ಬಟ್ಟಿ ಸೋಡಾ ಹಾಕಿ ತಿಕ್ಕತಾಳ, ಇಲ್ಲಂದ್ರ ಹೋಗೂದಿಲ್ಲ."

ಮಾಬುಸಾಬ ಮೂಗಿನ ಹತ್ತಿರ ಹಿಡಿದು, ಹೌದೆಂದು ತಲೆಯಾಡಿಸಿದ. ಕುಸುಬಿ ಎಣ್ಣೆ ಬಿಸಿಗೂ ಗಾಳಿಗೂ ಆರಿ ಅಂಟಾಗುತ್ತದೆ, ಆಮೇಲೆ ತೊಗಲಾಗುತ್ತದೆ. ಆದರೆ ಬೆಂಜ್ ಕಾರಿನ ಪಂಪಿಗೆ ಅದನ್ನು ಕುಡಿಸಿದ ಮಹರಾಯ ಯಾರು? ಅದನ್ನವನು ಕೇಳಿಯೂ ಕೇಳಿದ. ಮಾಳಪ್ಪನಿಗೆ ಆಗಲೇ ಗೊತ್ತಾಗಿಹೋಗಿತ್ತು.

ಸಾವ್ಕಾರರ ಮನೆಯಲ್ಲಿ ಖಂಡೇನವಮಿ ಅಂದರೆ ಕಬ್ಬಿಣದ ಸಾಮಾನೆಲ್ಲ ತೊಳೆದು, ವಿಭೂತಿ ಹಚ್ಚಿ, ಗಾಣದ ಕುಸುಬಿ ಎಣ್ಣೆ ಕುಡಿಸುವ ಹಬ್ಬ. ಕುಡಗೋಲು, ಕೂರಿಗೆಯ ತಾಳು, ತಕ್ಕಡಿ, ಹೊಲಿಗೆ ಮಷಿನ್ನು, ಯಾವುದನ್ನೂ ಬಿಡುತ್ತಿರಲಿಲ್ಲ. ಸಾವ್ಕಾರರ ಹೆಂಡತಿ ಶಿವಗಂಗವ್ವ ಮಷಿನ್ನಿನ ತೂತುತೂತಿಗೂ ತಮ್ಮ ಕೈಯಿಂದಲೇ ಎಣ್ಣೆ ಬಿಡುತ್ತಿದ್ದರು. ಆ ಮಷಿನ್ನು ವರ್ಷವರ್ಷ ಬಿಗಿಯಾಗುತ್ತಿತ್ತು. ವಯಸ್ಸಾಯಿತು ಎಂದು ಎಲ್ಲರೂ ಸುಮ್ಮನಿದ್ದರು. ಕಾರಿನ ಪೂಜೆ ಮಾತ್ರ ಮಾಳಪ್ಪನದು, ಅದರ ಎಣ್ಣೆಯೂ ಅವನದೇ. ಕಾರು ಕೆಟ್ಟ ವರ್ಷ ಹಬ್ಬಕ್ಕೆ ಅವನು ಊರಲ್ಲಿರಲಿಲ್ಲ. ಸಂಶಿಯಲ್ಲಿ ಮೈಲಾರವ್ವನ ತಾಯಿ ತೀರಿಕೊಂಡು ಅಲ್ಲಿಗೆ ಹೋಗಿದ್ದ. ಹಿಂದೊಮ್ಮೆ ಬಾನೆಟ್ ತೆರೆದಿದ್ದಾಗ ಶಿವಗಂಗವ್ವ ಪಂಪಿನ ತಲೆಯ ಮೇಲಿನ ಸಣ್ಣ ಮುಚ್ಚಳ ತೋರಿಸಿ, ಇದೇನೋ ಎಂದು ಕೇಳಿದ್ದರು. "ಪಂಪಿಗೆ ಎಣ್ಣಿ ಹಾಕೂ ಬಾಯಿರಿ ಅವ್ವಾರ," ಎಂದಿದ್ದ ಇವನು. ಯಾವ ಎಣ್ಣೆ ಎಂದು ಅವರು ಕೇಳಲಿಲ್ಲ, ಇವನು ಹೇಳಲಿಲ್ಲ.

ಮಾಳಪ್ಪನಿಗೆ ಸಿಟ್ಟು ಬಂತು. ಇಷ್ಟು ವರ್ಷದ ಸಿಟ್ಟನ್ನು ಸಾವ್ಕಾರರ ಹೆಸರಿಗೆ ಜೋಪಾನವಾಗಿ ತೆಗೆದಿಟ್ಟಿದ್ದ. ಈಗ ಅದನ್ನು ಎಲ್ಲಿಡಬೇಕೆಂದು ತಿಳಿಯಲಿಲ್ಲ. ಆ ಮನೆಯಲ್ಲಿ ಮಾಳಪ್ಪ ಅಂಥವನಲ್ಲ ಎಂದವರು ಶಿವಗಂಗವ್ವ ಒಬ್ಬರೇ. ಅಂದದ್ದಕ್ಕೆ ಗಂಡ ಬಹಳ ದಿನ ಮಾತು ಬಿಟ್ಟಿದ್ದರೆಂದು ಮೈಲಾರವ್ವ ಯಾರಿಂದಲೋ ಕೇಳಿಕೊಂಡು ಬಂದಿದ್ದಳು.

ಪಂಪು ಬಿಡಿಸಲು ಎರಡು ದಿನ ಹಿಡಿಯಿತು. ಮಾಳಪ್ಪ ಅಂಗಡಿಯಲ್ಲೇ ಉಳಿದ. ಸೋಡಾ ನೀರಿಗೆ ಅಲ್ಯೂಮಿನಿಯಂ ಹಾಕಿದರೆ ಕಪ್ಪಿಟ್ಟು ತಿಂದುಹೋಗುತ್ತದೆ. ಆದ್ದರಿಂದ ಮೊದಲು ಪೆಟ್ಟಿಗೆಯನ್ನು ಎಂಜಿನ್ ಎಣ್ಣೆಯಲ್ಲಿ ಮುಳುಗಿಸಿ ಸಣ್ಣ ಉರಿಯಲ್ಲಿ ಕಾಯಿಸಿದರು. ಕಾದ ಮೇಲೆ ಮಾಬುಸಾಬ ಜಾಲಿಕಟ್ಟಿಗೆಯ ಗೂಟವಿಟ್ಟು ಮೆಲ್ಲಗೆ ತಟ್ಟಿದ. ಕಡ್ಡಿ ಗೂಡು ಸಮೇತ ಒಂದೊಂದಾಗಿ ಮೇಲಕ್ಕೆ ಬಂದವು. ಮೂರನೆಯದು ಬರಲೊಲ್ಲೆ ಎಂದಿತು. ಮಾಳಪ್ಪ ಜೋರಾಗಿ ಹೊಡೆಯಿರಿ ಎಂದ. "ನಿನ್ನ ಕುರಿ ಅಲ್ಲ ಇದು," ಎಂದು ಬೈದು ಮಾಬುಸಾಬ ಮತ್ತೆ ಕಾಯಿಸಿದ, ಮತ್ತೆ ತಟ್ಟಿದ. ಸಂಜೆಗೆ ಅದೂ ಬಂತು.

ಆಮೇಲೆ ಉಕ್ಕಿನ ಸಾಮಾನಿಗೆ ಮೈಲಾರವ್ವನ ಮದ್ದು. ಕುದಿಯುವ ಸೋಡಾ ನೀರಿನಲ್ಲಿ ಬೆಲ್ಲದ ಬಣ್ಣದ ಪೊರೆ ಬಿಳಿಚಿಕೊಂಡು ಸಿಪ್ಪೆಯಾಗಿ ಎದ್ದಿತು. ಯಾವ ಕಡ್ಡಿ ಯಾವ ಗೂಡಿನದೆಂದು ಅದಲುಬದಲಾಗದಂತೆ ನಾಲ್ಕು ಬೇರೆ ಬೇರೆ ಡಬ್ಬಿ ಇಟ್ಟಿದ್ದರು. ಮಾಬುಸಾಬ ಮೊದಲನೆಯ ಕಡ್ಡಿಯನ್ನು ಒರೆಸಿ, ಕಣ್ಣಿಗೆ ಭೂತಗನ್ನಡಿ ಹಿಡಿದು, ಬಾಗಿಲ ಬೆಳಕಿಗೆ ತಿರುಗಿಸಿ ತಿರುಗಿಸಿ ನೋಡಿದ. ಎರಡನೆಯದನ್ನು ನೋಡಿದ. ಮೂರನೆಯದನ್ನು, ನಾಲ್ಕನೆಯದನ್ನು. ಕಡೆಗೆ ಒಂದು ಕಡ್ಡಿಯನ್ನು ಡೀಸೆಲ್ಲಿನಲ್ಲಿ ಅದ್ದಿ ಗೂಡಿನ ಬಾಯಿಗಿಟ್ಟು ಕೈಬಿಟ್ಟ. ಅದು ತನ್ನ ಭಾರಕ್ಕೆ ತಾನೇ, ಯಾವ ಅವಸರವೂ ಇಲ್ಲದೆ, ಇಷ್ಟಿಷ್ಟೇ ಕೆಳಗಿಳಿಯಿತು.

"ಒಂದು ಗೀರಿಲ್ಲ, ಮಾಳಪ್ಪಣ್ಣ," ಎಂದ. "ನೀರು ಬಿದ್ದಿಲ್ಲ, ಕಸ ಬಿದ್ದಿಲ್ಲ, ಚಿಮಣಿ ಎಣ್ಣಿ ಅಂತೂ ಹತ್ರ ಸುಳದಿಲ್ಲ. ಇಷ್ಟ ಚಂದ ಇಟ್ಟ ಪಂಪ್ ನಾ ಎಲ್ಲೂ ನೋಡಿಲ್ಲ."

ಮಾಳಪ್ಪ ಬೆಂಚು ಹಿಡಿದುಕೊಂಡು ಅತ್ತ. ನಾಚಿಕೆ ಪಡಲಿಲ್ಲ. ಅಂದು ಟಾಕಿಗೆ ಕಡ್ಡಿ ಅದ್ದಿದವರನ್ನೆಲ್ಲ ಕರೆತಂದು ಈ ಕಡ್ಡಿ ತೋರಿಸಬೇಕು ಅನಿಸಿತು ಅವನಿಗೆ. ಅತ್ತು ಮುಗಿಸಿ ಮುಖ ತೊಳೆದು ಬಂದವನನ್ನು ಮಾಬುಸಾಬ ಕೇಳಿದ: "ಅಲ್ಲಿ ಹೋಗಿ ಹೇಳಾಂವ ಯಾರು, ನೀನೋ ನಾನೋ?"

"ಹೇಳಿದ್ರ ಅವ್ವಾರ ಹೆಸರು ಬರ್ತೈತ್ರಿ. ಸಾವ್ಕಾರ್ರ ಬಾಯಿ ನಿಮಗ ಗೊತ್ತಿಲ್ಲ, ಆ ಮುದುಕೀನ ಹರದು ತಿಂತಾರ."

"ಹೇಳದಿದ್ರ?"

"ನಾನ ಕಳ್ಳ ಆಗಿ ಉಳಿತೀನಿ."

"ನನ್ನ ಕೆಲಸ ಪಂಪಿನ ಮಟಾ," ಎಂದ ಮಾಬುಸಾಬ. "ಮುಂದಿಂದು ನೀ ನೋಡ್ಕೋ."

ಮರುದಿನ ಇಬ್ಬರೂ ಟಂಟಂ ರಿಕ್ಷಾ ಮಾಡಿಕೊಂಡು ತಿರ್ಲಾಪುರಕ್ಕೆ ಹೋದರು. ಪಂಪು ಮಾಳಪ್ಪನ ತೊಡೆಯ ಮೇಲಿತ್ತು. ಆ ವಾಡೆಯ ಬಾಗಿಲು ದಾಟುವಾಗ ಅವನು ಅದನ್ನು ಎದೆಗವಚಿಕೊಂಡ. ಸಾವ್ಕಾರರು ಅಂಗಳದಲ್ಲಿ ಖುರ್ಚಿ ಹಾಕಿಸಿಕೊಂಡು ಕೂತಿದ್ದರು. "ಬಾರಲೇ ಮಾಳ್ಯಾ. ಬಡವಾಗಿಯಲ್ಲೋ!" ಎಂದರು, ನಿನ್ನೆ ರಜೆಯ ಮೇಲೆ ಹೋದವನನ್ನು ಮಾತಾಡಿಸುವ ಹಾಗೆ. ಶಿವಗಂಗವ್ವ ಕಟ್ಟೆಯ ಕಂಬದ ಹತ್ತಿರ ನಿಂತಿದ್ದರು. ತಲೆ ಪೂರ್ತಿ ಬೆಳ್ಳಗಾಗಿತ್ತು. ಅವರು, "ಮೈಲಾರವ್ವ ಆರಾಮ ಅದಾಳಿಲ್ಲೋ?" ಎಂದಷ್ಟೇ ಕೇಳಿದರು.

ಪಂಪು ಕೂರಿಸಿ, ಪೈಪು ಬಿಗಿದು, ಒಳಗಿನ ಗಾಳಿ ತೆಗೆಯುವಷ್ಟರಲ್ಲಿ ಬಿಸಿಲು ಏರಿತ್ತು. ಟ್ರ್ಯಾಕ್ಟರಿನ ಬ್ಯಾಟರಿ ತಂದು ಜೋಡಿಸಿದರು. ಮಾಳಪ್ಪ ಸೀಟಿನಲ್ಲಿ ಕೂತು ಹೀಟರಿನ ಗುಂಡಿ ಎಳೆದು, ಸಣ್ಣ ಸುರುಳಿ ಕೆಂಪಗಾಗುವವರೆಗೆ ಕಾದು, ಸ್ಟಾರ್ಟ್ ಒತ್ತಿದ. ಕೆಮ್ಮಿತು, ಬಿಳೀ ಹೊಗೆ ಬಿಟ್ಟಿತು, ಒಂದು ಕಾಲಲ್ಲಿ ಕುಂಟಿತು. ಆಮೇಲೆ ನಾಲ್ಕೂ ಸಿಲಿಂಡರು ಕೂಡಿಕೊಂಡು ಹದಕ್ಕೆ ಬಂತು. ಪೆಡಲ್ ಒತ್ತಿದರೆ ಏರಿತು, ಬಿಟ್ಟರೆ ಇಳಿಯಿತು. ಬಿಟ್ಟಾಗ ಇಳಿದ ಆ ಸದ್ದನ್ನು ಮಾಳಪ್ಪ ಮತ್ತೆ ಮತ್ತೆ ಕೇಳಿದ. ಅವನ ಜೀವಕ್ಕೆ ತಂಪಾಯಿತು.

ಸಾವ್ಕಾರರು ಚಪ್ಪಾಳೆ ತಟ್ಟಿದರು. "ಏನಾಗಿತ್ತಪಾ ಸಾಬಣ್ಣ, ಇದಕ್ಕ?"

ಮಾಬುಸಾಬ ಮಾಳಪ್ಪನ ಮುಖ ನೋಡಿದ. ಮಾಳಪ್ಪ ಗುಂಡಿ ಎಳೆದು ಎಂಜಿನ್ನು ಬಂದ್ ಮಾಡಿ ಇಳಿದ. ಹೇಳಬೇಕೋ ಬೇಡವೋ ಎಂದು ದಾರಿಯುದ್ದಕ್ಕೂ ಲೆಕ್ಕ ಹಾಕಿಕೊಂಡು ಬಂದಿದ್ದ. ಈಗ ಬಾಯಿಂದ ಅರ್ಧವೇ ಹೊರಟಿತು.

"ಚಿಮಣಿ ಎಣ್ಣಿ ಅಲ್ರಿ. ಪಂಪಿನ್ಯಾಗ ಕುಸುಬಿ ಎಣ್ಣಿ ಬಿದ್ದು ಅಂಟಾಗಿತ್ತು. ಹೆಂಗ ಬಿತ್ತೋ ಗೊತ್ತಿಲ್ಲ."

"ಕುಸುಬಿ ಎಣ್ಣಿ?" ಸಾವ್ಕಾರರ ಹುಬ್ಬು ಗಂಟಾಯಿತು. "ಯಾವನು ಹಾಕಿದಾಂವ?"

"ನಾನ ಹಾಕೀನಿ," ಎಂದರು ಶಿವಗಂಗವ್ವ. ಒಂದು ಗಳಿಗೆಯೂ ತಡೆಯಲಿಲ್ಲ. ಮುಖದ ಬಣ್ಣ ಮಾತ್ರ ಇಳಿದಿತ್ತು. "ಆ ವರ್ಷ ಖಂಡೇನವಮಿಗೆ ಮಾಳಪ್ಪ ಇರಲಿಲ್ಲ. ಎಲ್ಲಾಕ್ಕೂ ಎಣ್ಣಿ ಬಿಟ್ಟೆ. ಅದಕ್ಕೂ ಬಿಟ್ಟೆ. ಅದರಿಂದ ಕೆಟ್ಟಿತ್ತೇನೋ ಮಾಳಪ್ಪ?"

ಮಾಳಪ್ಪ ತಲೆ ತಗ್ಗಿಸಿದ. ಈಗ ಸಿಡಿಯುತ್ತಾರೆ ಎಂದು ಕಾದ. ಸಾವ್ಕಾರರು ಹೆಂಡತಿಯನ್ನು ನೋಡಿದರು, ಕಾರನ್ನು ನೋಡಿದರು, ತೊಡೆ ತಟ್ಟಿಕೊಂಡು ನಗಲು ಶುರು ಮಾಡಿದರು.

"ಎಲಾ ಇಕಿನ! ಬೆಂಜಿಗೆ ಒಗ್ಗರಣಿ ಹಾಕ್ಯಾಳಲೇ ನಮ್ಮಾಕಿ! ಸಾಸಿವಿ ಜೀರಗಿ ಬಿಟ್ಟಿದ್ಯೇನು?" ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಅಲ್ಲೇ ಫೋನು ತೆಗೆದು ಹುಬ್ಬಳ್ಳಿಯ ಗೆಳೆಯರಿಗೆ ಹಚ್ಚಿ, ಒಗ್ಗರಣೆಯ ಮಾತನ್ನು ಮತ್ತೊಮ್ಮೆ ಹೇಳಿ, ಮತ್ತೊಮ್ಮೆ ನಕ್ಕರು. ಫೋನಿಟ್ಟು ಕೀಲಿಯ ಕಡೆ ಕೈ ತೋರಿಸಿ, "ಏರೋ ಮಾಳ್ಯಾ. ನವಲಗುಂದ ಮಟಾ ಒಂದ ಸುತ್ತ ಹೋಗೂಣು," ಎಂದರು.

ಮಾಳಪ್ಪ ಕದಲಲಿಲ್ಲ. ಬೈಗುಳವಾಗಿದ್ದರೆ ತಡೆದುಕೊಳ್ಳುತ್ತಿದ್ದ. ಅದೇ ಎಣ್ಣೆ, ಅದೇ ಪಂಪು. ತನ್ನ ಪಾಲಿಗೆ ಕಳವಾದದ್ದು ಈ ಮನೆಯವರ ಪಾಲಿಗೆ ನಗೆಚಾಟಿಕೆಯಾಗಿತ್ತು.

"ನೀವು ನನ್ನ ಕಳ್ಳ ಅಂದಿದ್ರಿ, ಸಾವ್ಕಾರ್ರ," ಎಂದ.

"ಯಾವಾಗಲೇ?"

ಅವರು ನಾಟಕ ಮಾಡುತ್ತಿರಲಿಲ್ಲ. ಅವರ ಮುಖ ನೋಡಿದರೆ ಗೊತ್ತಾಗುತ್ತಿತ್ತು, ನಿಜವಾಗಿಯೂ ಮರೆತುಬಿಟ್ಟಿದ್ದರು.

"ಬಸ್‌ಸ್ಟ್ಯಾಂಡಿನ್ಯಾಗ. ಮಂದಿ ಮುಂದ."

"ಏ, ಸಿಟ್ಟಿನ್ಯಾಗ ನೂರು ಅಂತೀವಿ. ಅದನ್ನ ಹಿಡ್ಕೊಂಡು ಕುಂದರತಾರೇನು? ಆತು, ನೀ ಕಳ್ಳ ಅಲ್ಲ. ಸಾಕಿಲ್ಲೋ?"

"ಮಂದ್ಯಾಗ ಅಂದಿದ್ರಿ. ಮಂದ್ಯಾಗ ಅಲ್ಲ ಅನ್ರಿ."

ಸಾವ್ಕಾರರ ನಗು ನಿಂತಿತು. "ತಲಿ ಕೆಟ್ಟೈತೇನು? ಈ ವಯಸ್ಸಿನ್ಯಾಗ ನಾ ಓಣ್ಯಾಗ ನಿಂತು ಡಂಗುರ ಹೊಡೀಬೇಕೇನು? ಗಾಡಿ ಹೊಡಿತೀಯೋ ಇಲ್ಲೋ ಹೇಳು, ಇಲ್ಲಂದ್ರ ಬ್ಯಾರೆ ಡ್ರೈವರ್ ನೋಡ್ತೀನಿ."

"ನೋಡ್ರಿ," ಎಂದ ಮಾಳಪ್ಪ. ಮಾಬುಸಾಬ ಪಾನಾ, ಸ್ಕ್ರೂಡ್ರೈವರುಗಳನ್ನು ಚೀಲಕ್ಕೆ ತುಂಬತೊಡಗಿದ. ಮುಗಿಯಿತು ಎಂದು ಇಬ್ಬರೂ ತಿಳಿದರು.

ಅಷ್ಟರಲ್ಲಿ ಶಿವಗಂಗವ್ವ ಕಟ್ಟೆ ಇಳಿದು, ಅಂಗಳ ದಾಟಿ, ತಲಬಾಗಿಲ ಹೊರಗೆ ಹೋಗಿ ಓಣಿಯ ನಡುವೆ ನಿಂತರು. ಆ ಮನೆಗೆ ಸೊಸೆಯಾಗಿ ಬಂದಂದಿನಿಂದ ಓಣಿಯಲ್ಲಿ ಅವರ ದನಿ ಎತ್ತರವಾದದ್ದನ್ನು ಯಾರೂ ಕೇಳಿರಲಿಲ್ಲ.

"ಏ ಹೊಳೆಯಪ್ಪ! ಬಾಷಾಸಾಬ! ಬರ್ರಿ ಇಲ್ಲೆ. ನಿಮ್ಮನಿ ಹೆಣ್ಣಮಕ್ಕಳನ್ನೂ ಕರೀರಿ, ಬರ್ರಿ!"

ಏನೋ ಆಗಬಾರದ್ದು ಆಗಿದೆ ಎಂದು ಮಂದಿ ಓಡಿ ಬಂದರು. ಕೈ ತೊಳೆಯದೆ ಎದ್ದು ಬಂದವರೂ ಇದ್ದರು. ಒಳಗಿನಿಂದ ಸಾವ್ಕಾರರು, "ಏ, ಒಳಗ ಬಾ! ಮರ್ಯಾದಿ ಐತಿಲ್ಲೋ ನಿನಗ?" ಎಂದು ಒದರಿದರು. ಅವರು ತಿರುಗಿ ನೋಡಲಿಲ್ಲ.

"ಬೆಂಜ್ ಗಾಡಿ ಕೆಡಿಸಿದಾಕಿ ನಾನು," ಎಂದರು ಶಿವಗಂಗವ್ವ. "ಅದರ ಪಂಪಿಗೆ ಕುಸುಬಿ ಎಣ್ಣಿ ಹಾಕಿದೆ. ತಿಳೀದ ಹಾಕಿದೆ, ಖರೆ, ಆದ್ರ ಹಾಕಿದಾಕಿ ನಾನು. ಮಾಳಪ್ಪ ಚಿಮಣಿ ಎಣ್ಣಿ ಕಲಸಿಲ್ಲ. ಡೀಸೆಲ್ ಮಾರಿಲ್ಲ. ಅಂವ ಕಳ್ಳ ಅಲ್ಲ. ನಮ್ಮನಿಯವರು ಸುಳ್ಳ ಹೇಳ್ಯಾರ, ನೀವು ಅದನ್ನ ನಂಬೀರಿ."

ಹಿಂದೆ ನಿಂತವನೊಬ್ಬ ಕಿಸಕ್ಕನೆ ನಕ್ಕ. ಅವರು ಅವನ ಕಡೆ ನೋಡಿದರು. ಅವನು ಟವೆಲ್ಲಿನಿಂದ ಬಾಯಿ ಒರೆಸಿಕೊಂಡ. ಮತ್ತೆ ಇಬ್ಬರು ಬಂದರು. ಅವರಿಗಾಗಿ ಮತ್ತೆ ಮೊದಲಿನಿಂದ ಹೇಳಿದರು, ಒಂದು ಮಾತು ಕಡಿಮೆ ಮಾಡದೆ. ಬಿಸಿಲಿಗೆ ಮುಖ ಕೆಂಪಾಗಿತ್ತು, ತಲೆಯ ಮೇಲಿನ ಸೆರಗು ಜಾರಿದ್ದೂ ಅವರಿಗೆ ಗೊತ್ತಿರಲಿಲ್ಲ.

ಮಾಳಪ್ಪ ಈ ಮಾತನ್ನು ಮಂದಿಯ ನಡುವೆ ಕೇಳಬೇಕೆಂದು ಕುರಿ ಹಿಂದೆ ಅಲೆಯುತ್ತ ಎಷ್ಟು ಸಲ ಕನಸು ಕಂಡಿದ್ದನೋ. ಆ ಕನಸಿನಲ್ಲಿ ಬೇರೆ ದನಿ ಇತ್ತು. ಈಗ ಮಾತು ಬಂದಿತ್ತು, ಕೇಳಿದವರು ಅವನ ಮುಖ ನೋಡಲಾರದೆ ನೆಲ ನೋಡುತ್ತಿದ್ದರು, ಸಂತೋಷವೂ ಆಗಿತ್ತು. ಆದರೆ ಆ ಮುದುಕಿ ಓಣಿಯ ನಡುವೆ ಹಾಗೆ ನಿಂತದ್ದನ್ನು ಅವನಿಂದ ನೋಡಲಾಗಲಿಲ್ಲ. ಹತ್ತಿರ ಹೋಗಿ ಕೈ ಮುಗಿದ.

"ಸಾಕ್ರಿ ಅವ್ವಾರ. ಎಲ್ಲಾರೂ ಕೇಳಿದ್ರು. ಒಳಗ ನಡೀರಿ."

ಶಿವಗಂಗವ್ವ ಸೆರಗನ್ನು ತಲೆಯ ಮೇಲೆ ಎಳೆದುಕೊಂಡರು.

"ಸುಮ್ನಿರೋ," ಎಂದರು. "ಬಸ್‌ಸ್ಟ್ಯಾಂಡಿನ ಕಡೆಯವರು ಇನ್ನಾ ಬಂದಿಲ್ಲ."